ಗಿಟ್ಲೆಯ ಧಾಟಿಯ ಕೊನೆ

ಖೆಶ್ವಾನ್ ೨೮, ಭಾನುವಾರ

ಗಿಟ್ಲೆ ಹೋಗಿ ತಿಂಗಳು ತುಂಬಿತು. ನಮ್ಮ ಯೆಹೂದಿ ಧರ್ಮಶಾಸ್ತ್ರದ ಪ್ರಕಾರ ಇನ್ನು ನಾನು ದುಃಖ ಪಡಬೇಕಾಗಿಲ್ಲ. ತಂದೆ ತಾಯಿಗೆ ಒಂದು ವರ್ಷ, ಮಗುವಿಗೆ ಒಂದು ತಿಂಗಳು. ಈ ಲೆಕ್ಕ ಹಾಕಿದ ಹಿರಿಯರಿಗೆ ಹೆಣ್ಣುಮಕ್ಕಳಿದ್ದರೋ ಇಲ್ಲವೋ ತಿಳಿಯದು. ನೂರು ಜನರ ಗುರು, ರೆಬ್ಬೆಯಾದವನು ಇಂಥದ್ದನ್ನು ಬಾಯಿಬಿಟ್ಟು ಆಡಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಬಿಡಲು ಬಾಯಾದರೂ ಎಲ್ಲಿದೆ? ಅವಳನ್ನು ಮಣ್ಣು ಮಾಡಿದ ಮಾರನೆಯ ದಿನವೇ ಅದೇ ಗಂಟಲಮಾರಿ ನನ್ನನ್ನೂ ಹಿಡಿಯಿತು. ಒಂಬತ್ತು ವರ್ಷದವಳನ್ನು ಒಯ್ದದ್ದು ಐವತ್ತು ದಾಟಿದವನ ದನಿಯನ್ನಷ್ಟೇ ಕಿತ್ತುಕೊಂಡು ಬಿಟ್ಟುಹೋಯಿತು. ರೋಗಕ್ಕೂ ವ್ಯಾಪಾರ ಗೊತ್ತಿಲ್ಲ.

ನಿನ್ನೆ ಶನಿವಾರ, ಸಬ್ಬತ್ತಿನ ವಿಶ್ರಾಂತಿ ದಿನದ ಮೂರನೆಯ ಊಟದಲ್ಲಿ ಒಂದು ಧಾಟಿ ಬಂತು. ಹೊತ್ತು ಮುಳುಗಿತ್ತು, ದೀಪ ಹಚ್ಚುವಂತಿರಲಿಲ್ಲ, ಕತ್ತಲಲ್ಲಿ ನೂರು ಜನ ಶಿಷ್ಯರು ಹೆರಿಂಗ್ ಮೀನಿನ ಚೂರು ಹಿಡಿದುಕೊಂಡು ನನ್ನ ಬಾಯನ್ನೇ ಕಾಯುತ್ತಿದ್ದರು. ಮಾತಿಲ್ಲದ ಧಾಟಿ, ಮೂರು ಭಾಗ. ಮೊದಲೆರಡು ಭಾಗ ಅವಳು ಓಡಾಡಿದ್ದು, ಹರಟಿದ್ದು. ಮೂರನೆಯದು ಅವಳ ಕೊನೆಯ ಬೆಳಿಗ್ಗೆ.

ಆ ಬೆಳಿಗ್ಗೆ ನಾನು ಅವಳ ಹಾಸಿಗೆಯಿಂದ ಎದ್ದು, ಹೊರಗೆ ಕಾದಿದ್ದ ಜನರನ್ನು ನೋಡಲೆಂದು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ಹಿಂದಿನಿಂದ ಅವಳು "ಅಪ್ಪಾ, ಬಾಗಿಲು" ಎಂದಳು. ಅಷ್ಟೇ. ತೆಗಿ ಎನ್ನುವವಳಿದ್ದಳೋ ಹಾಕು ಎನ್ನುವವಳಿದ್ದಳೋ, ತಿರುಗಿ ನೋಡುವಷ್ಟರಲ್ಲಿ ಮಾತು ನಿಂತಿತ್ತು. ಧಾಟಿಯೂ ಹಾಗೇ ಹೋಗುತ್ತದೆ. ಕೊನೆಗೆ ಮೆಟ್ಟಿಲು ಇಳಿದಂತೆ ಇಳಿದು, ನೆಲ ಮುಟ್ಟುವ ಮೊದಲೇ ಒಂದು ಮೆಟ್ಟಿಲ ಮೇಲೆ ನಿಂತುಬಿಡುತ್ತದೆ. ಅಲ್ಲಿಂದ ಮುಂದಿಲ್ಲ.

ಸಬ್ಬತ್ತಿನಲ್ಲಿ ಲೇಖನಿ ಮುಟ್ಟುವಂತಿಲ್ಲ. ನಮ್ಮ ಮನೆತನದ ಧಾಟಿಗಳು ಹುಟ್ಟುವುದೂ ಆ ದಿನವೇ, ಹಾಗಾಗಿ ಅವನ್ನು ಹಿಡಿದಿಡಲು ಒಬ್ಬ ಮನುಷ್ಯ ಬೇಕು. ಅಪ್ಪನ ಕಾಲದಿಂದಲೂ ಆ ಮನುಷ್ಯ ರೆಬ್ ಶಾಖ್ನೆ. ರೆಬ್ ಎಂದರೆ ಬರೀ ಗೌರವದ ಮಾತು, ವಾರವೆಲ್ಲ ಬ್ರಷ್ ಕಟ್ಟುತ್ತಾನೆ. ಸಬ್ಬತ್ತಿನಲ್ಲಿ ನನ್ನ ಎಡಕ್ಕೆ ಕೂತು ಕಣ್ಣು ಮುಚ್ಚಿ ಕೇಳುತ್ತಾನೆ. ನಕ್ಷತ್ರ ಕಂಡು ಸಬ್ಬತ್ತು ಮುಗಿದ ಮೇಲೆ ಎದ್ದು ಎಲ್ಲರಿಗೂ ಹಾಡಿ ಕಲಿಸುತ್ತಾನೆ. ನಿನ್ನೆ ನನ್ನ ದನಿ ಪಕ್ಕದವನಿಗೂ ಕೇಳುತ್ತಿರಲಿಲ್ಲ. ಶಾಖ್ನೆ ನನ್ನ ಗಡ್ಡಕ್ಕೆ ಕಿವಿಯಿಟ್ಟು ಕೇಳಿದ. ಈ ಲೋಕದಲ್ಲಿ ಅದನ್ನು ಕೇಳಿದವನು ಅವನೊಬ್ಬನೇ.

ಆಮೇಲೆ ನನಗೆ ಜ್ವರ ಬಂದು ಒಳಗೆ ಮಲಗಿದೆ. ಗೋಡೆಯಾಚೆ ಶಾಖ್ನೆ ಹಾಡುವುದು ಕೇಳಿಸಿತು. ಮೊದಲ ಭಾಗ ಕೂದಲೆಳೆಯಷ್ಟೂ ತಪ್ಪಿಲ್ಲ. ಎರಡನೆಯದೂ ಸರಿ. ಮೂರನೆಯದರ ಕೊನೆಯಲ್ಲಿ, ಎಲ್ಲಿ ನಿಲ್ಲಬೇಕೋ ಅಲ್ಲಿಂದ, ಅವನು ಮೇಲಕ್ಕೆ ಏರಿದ. ಏರಿ, ಸುತ್ತಿ, ಮನೆಗೆ ಬಂದು ಕೂತ. ಜನ ಎದ್ದು ಕುಣಿದರು. ನನ್ನ ಮಗಳ ಮೇಲೆ ಕುಣಿದರು.

ಖೆಶ್ವಾನ್ ೨೯, ಸೋಮವಾರ

ಶಾಖ್ನೆಯನ್ನು ಕರೆಸಿದೆ. ಬೆರಳ ಸಂದಿಯಲ್ಲಿ ಕುದುರೆ ಕೂದಲು ಸಿಕ್ಕಿಸಿಕೊಂಡೇ ಬಂದ.

"ಕೊನೆಯಲ್ಲಿ ಏನು ಮಾಡಿದಿರಿ, ರೆಬ್ ಶಾಖ್ನೆ?" ಎಂದೆ.

"ಯಾಕೆ ರೆಬ್ಬೆ? ಜನ ಎಷ್ಟು ಖುಷಿಪಟ್ರು."

"ನಾನು ನಿಲ್ಲಿಸಿದ್ದೆ."

"ನಿಲ್ಸಿದ್ರಾ?" ಮುದುಕನ ಮುಖ ಸಣ್ಣದಾಯಿತು. "ನಿಮ್ಮ ಉಸಿರು ಸೋತೋಯ್ತು ಅಂದ್ಕೊಂಡೆ. ಮೈಯಲ್ಲಿ ಹುಷಾರಿಲ್ವಲ್ಲ. ರೆಬ್ಬೆ ಧಾಟಿ ಅರ್ಧಕ್ಕೆ ಬಿದ್ರೆ ನೋಡ್ಕೊಂಡು ಕೂತಿರಕ್ಕಾಗತ್ತಾ? ಎತ್ತಿ ಮುಗಿಸ್ಕೊಟ್ಟೆ. ನಿಮ್ಮ ತಂದೆಯವರಿಗೂ ಕೊನೆಗಾಲದಲ್ಲಿ ಹಂಗೇ ಮುಗಿಸ್ಕೊಡ್ತಿದ್ದೆ, ಏನೂ ಅಂತಿರ್ಲಿಲ್ಲ."

ಅಪ್ಪ ಏನೂ ಅನ್ನಲಿಲ್ಲ, ಯಾಕೆಂದರೆ ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಇದನ್ನು ಹೇಳದೆ ನುಂಗಿಕೊಂಡೆ. ಪಿಸುದನಿಯಲ್ಲಿ ಕೊನೆಯನ್ನು ಮೂರು ಸಲ ಹಾಡಿ ತೋರಿಸಿದೆ. ಮುದುಕ ಅಳುತ್ತ ಕೇಳಿದ. ನಾಲ್ಕನೆಯ ಸಲ ಅವನೇ ಹಾಡಿದ, ಇಳಿದ, ನಿಂತ. ಸರಿಯಾಗಿಯೇ ನಿಂತ.

ಹೋಗುವಾಗ, "ಪಿಟೀಲು ಬಾರಿಸೋ ಲೇಯ್ಜರ್ ಸ್ವರ ಬರೀತಾನಂತೆ ರೆಬ್ಬೆ. ಈ ಒಂದನ್ನ ಬರೆಸಿಡೋಣ. ನನಗೂ ವಯಸ್ಸಾಯ್ತು" ಎಂದ. ಬೇಡವೆಂದೆ. ಮೂರು ತಲೆಮಾರಿನಿಂದ ನಮ್ಮ ಧಾಟಿ ಕಾಗದದ ಮೇಲೆ ಬಿದ್ದಿಲ್ಲ. ಮದುವೆ ಮನೆಯ ಪಿಟೀಲಿನವನ ಕೈಗೆ ನನ್ನ ಮಗಳನ್ನು ಕೊಡಲೇ? ನನ್ನ ತಲೆಯಲ್ಲಿದೆ, ಸಾಕು. ಅಲ್ಲಿಂದ ಅದನ್ನು ಯಾರು ಕದಿಯುತ್ತಾರೆ.

ಕಿಸ್ಲೆವ್ ೧೨, ಭಾನುವಾರ

ಕಾಲ ಮಿಂಚಿದೆ. ಆ ಸಬ್ಬತ್ತಿಗೆ ಬಂದಿದ್ದ ಹೊರಊರಿನವರು ಭಾನುವಾರವೇ ಬಂಡಿ ಕಟ್ಟಿಕೊಂಡು ಹೋಗಿದ್ದರು, ಜೊತೆಗೆ ಅದನ್ನೂ ಒಯ್ದಿದ್ದರು. ಈಗ ಎಲ್ಲ ಕಡೆ ಅದೇ. ಸಂತೆಗೆ ಬಂದ ಎಣ್ಣೆ ವ್ಯಾಪಾರಿ ಕುದುರೆಗೆ ನೀರು ಕುಡಿಸುತ್ತ ಅದನ್ನೇ ಹಾಡುತ್ತಿದ್ದನಂತೆ. ನಿನ್ನೆ ಸಬ್ಬತ್ತಿನ ಊಟದ ಮೇಜಿನಲ್ಲಿ ಶಾಖ್ನೆ ಕೆಳಗಿಳಿಸಲು ನೋಡಿದ. ನೂರು ಬಾಯಿ ಮೇಲಕ್ಕೆ ಹೋದವು. ಮುದುಕ ನಡುವೆ ಒದ್ದಾಡಿ ಕೊನೆಗೆ ಅವರ ಹಿಂದೆಯೇ ಹೋದ. ನಾನು ಕೈಯೆತ್ತಿ ನಿಲ್ಲಿಸಲು ನೋಡಿದರೆ, ರೆಬ್ಬೆಗೆ ಆವೇಶ ಬಂತೆಂದು ಇನ್ನೂ ಜೋರಾಗಿ ಹಾಡಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದರೆ ಇದು. ಇಲ್ಲಿ ಕೋಣಗಳಿಗೆ ತಲೆದೂಗುವುದೂ ಬರುತ್ತದೆ.

ಮನೆಯಲ್ಲಿ ನಾನೊಬ್ಬನೇ ಅದನ್ನು ಸರಿಯಾಗಿ ಗುನುಗುತ್ತಿರುತ್ತೇನೆ, ಬೆಳಿಗ್ಗೆ ಸಂಜೆ, ಮರೆಯದಿರಲೆಂದು. ನನ್ನ ಹೆಂಡತಿ ಫ್ರೇಡೆ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದಳು.

"ಸಾಕ್ ಮಾಡ್ರೀ. ಆ ಕೊನೆ ಕೇಳಕ್ಕಾಗಲ್ಲ ನನ್ಗೆ. ಎದೆ ಮೇಲೆ ಕಾಲಿಟ್ಟಂಗಾಗತ್ತೆ."

"ಹಾಗೇ ಆಗಬೇಕು," ಎಂದೆ. "ಅವಳು ಏನು ಹೇಳುವವಳಿದ್ದಳು, ಫ್ರೇಡೆ? ತೆಗಿ ಅಂತಲೋ, ಹಾಕು ಅಂತಲೋ?"

"ಬಾಗಿಲು ಅಂದ್ಲು. ಅಷ್ಟೇ ಅಂದಿದ್ದು. ಅದಕ್ಕೆ ಬಾಲ ಕಟ್ಟಬೇಡಿ."

"ಹಾಕು ಅಂದಿದ್ದರೆ, ಹೋಗಬೇಡ ಅಂತ ಅರ್ಥ."

ಅವಳು ಮತ್ತೆ ಆಲೂಗಡ್ಡೆ ಸುಲಿಯತೊಡಗಿದಳು. ಆ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹತ್ತಿರವೇ ಇದ್ದೆವು, ಇಬ್ಬರಿಗೂ ಅರ್ಧವೇ ಕೇಳಿಸಿತು. ಆ ಅರ್ಧವನ್ನಾದರೂ ಅರ್ಧವಾಗಿಯೇ ಉಳಿಸಿಕೊಳ್ಳಬೇಕು. ಅದೊಂದು ನನ್ನಿಂದಾದರೆ ಸಾಕು, ಬೇರೇನೂ ಬೇಡ.

ಟೇವೆತ್ ೩, ಭಾನುವಾರ

ಹನುಕ್ಕಾ ಹಬ್ಬದ ಕೊನೆಯ ದಿನ ಸಬ್ಬತ್ತೇ ಬಿತ್ತು. ಮೂರು ಪಟ್ಟಣಗಳಿಂದ ಜನ. ಆ ಧಾಟಿ ಹಾಡಿ ಎಂದು ಕೇಳಿದರು. ಶಾಖ್ನೆ ನನ್ನ ಮುಖ ನೋಡಿದ. ಕೊನೆ ಸರಿಯಾಗಿ ಬರದಿದ್ದರೆ ಹಾಡಲೇ ಬೇಡಿ ಎಂದು ಮೊದಲೇ ಹೇಳಿದ್ದೆ. ಹಾಡಿದ. ನಿಲ್ಲಬೇಕಾದ ಕಡೆ ಒಂದು ಗಳಿಗೆ ತಡೆದ, ಹಿಂದಿನಿಂದ ಜನ ದನಿಯೆತ್ತಿ ತಳ್ಳಿದರು, ಮೇಲಕ್ಕೆ ಹೋದ.

ನಾನು ಮೇಜು ಗುದ್ದಿದೆ. ಹಾಡು ನಿಂತಿತು. ಇದ್ದ ದನಿಯನ್ನೆಲ್ಲ ಒಟ್ಟು ಮಾಡಿ ಹೇಳಿದೆ: "ನೀನು ಬ್ರಷ್ ಕಟ್ಟಿಕೊಂಡಿರು. ನಿನ್ನ ತಲೆ ತೂತುಬಿದ್ದ ಬಿಂದಿಗೆ. ನನ್ನ ಪಕ್ಕದಲ್ಲಿ ಇನ್ನು ಕೂರಬೇಡ."

ನೀನು ಎಂದೆ. ಹುಡುಗನಾಗಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಭೆಗೆ ಒಯ್ಯುತ್ತಿದ್ದವನನ್ನು. ಅವನು ಎದ್ದ. ಮೇಜಿನ ತುದಿಯವರೆಗೆ ನಡೆದು, ತಿರುಗಿ, "ರೆಬ್ಬೆ ಹೇಳಿದ್ದು ಸರಿ, ತಪ್ಪು ನಂದೇ. ರೆಬ್ಬೆ ನಿಲ್ಸಿದ ಜಾಗದಲ್ಲಿ ನಿಲ್ಲಕ್ಕೂ ಯೋಗ್ಯತೆ ಬೇಕು" ಎಂದು ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಲಿ. ಅವನು ಒಡೆದದ್ದು ಮುತ್ತಲ್ಲವೇ?

ಶ್ವಾತ್ ೯, ಭಾನುವಾರ

ಶಾಖ್ನೆ ಊರು ಬಿಟ್ಟನಂತೆ. ಲೊಪುಷ್ನದಲ್ಲಿರುವ ಮಗಳ ಮನೆಗೆ. ಹೇಳಿ ಹೋಗಲಿಲ್ಲ.

ಎಡಗಡೆಯ ಜಾಗದಲ್ಲಿ ಯಾರೂ ಕೂರುತ್ತಿಲ್ಲ. ಹೊಸ ಧಾಟಿಯೂ ಬರುತ್ತಿಲ್ಲ. ಹಿಡಿಯುವವನಿಲ್ಲದಾಗ ಏಕೆ ಬಂದೀತು? ಜನ ಹಳೆಯದನ್ನೇ ಹಾಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನೇ.

ಹಿಮ ಬಿದ್ದಿದೆ. ಗಿಟ್ಲೆಯ ಬೂಟನ್ನು ಫ್ರೇಡೆ ಯಾರಿಗೋ ಕೊಟ್ಟಳು.

ಅದಾರ್ ೧೫, ಸೋಮವಾರ

ನಿನ್ನೆ ಪೂರಿಮ್. ಕುಡಿಯಲೇಬೇಕೆಂಬ ವಿಧಿ ಇರುವ ದಿನ. ವಿಧಿಯನ್ನು ನಾನೂ ಪಾಲಿಸಿದೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಶಿಷ್ಯರು ಕೋಟು ತಿರುವಿ ಹಾಕಿಕೊಂಡು, ಒಬ್ಬನನ್ನು ರೆಬ್ಬೆ ಮಾಡಿ ಕೂರಿಸಿ ನನ್ನನ್ನೇ ಅಣಕಿಸಿದರು. ಆ ಹುಡುಗ ಮೇಜು ಗುದ್ದಿ, ಬಾಯಿ ತೆರೆದು, ಏನೂ ಕೇಳಿಸದಂತೆ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲಿ ನೋವು ಎಂದು ಅವರಿಗೇನು ಗೊತ್ತು.

ಆಮೇಲೆ ಅದನ್ನೇ ಹಾಡಿ ಕುಣಿದರು. ಸುತ್ತಿ ಸುತ್ತಿ, ಕೊನೆ ಬಂದಾಗಲೆಲ್ಲ ಮೇಲಕ್ಕೆ. ನನ್ನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿರುವುದು ಕಂಡು ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಕುಡಿದ ಕೈ. ಅದಕ್ಕೆ ಬುದ್ಧಿಯಿಲ್ಲ.

ಸಿವಾನ್ ೧೦, ಭಾನುವಾರ

ದನಿ ಸ್ವಲ್ಪ ಸ್ವಲ್ಪ ಮರಳುತ್ತಿದೆ. ಯಾರಿಗೆ ಬೇಕಿತ್ತು.

ಬೆಳಿಗ್ಗೆ ಧಾಟಿಯನ್ನು ಗುನುಗಿಕೊಳ್ಳಲು ಕೂತೆ. ಕಿಟಕಿಯಾಚೆ ಪಾಠಶಾಲೆಯ ಮಕ್ಕಳು ಅದೇ ಧಾಟಿಯನ್ನು ಕೂಗಿಕೊಂಡು ಹೋದರು. ಕಿಟಕಿ ಹಾಕಿ ಮತ್ತೆ ಶುರು ಮಾಡಿದೆ. ಕೊನೆಯಲ್ಲಿ ಎಷ್ಟು ಮೆಟ್ಟಿಲು ಇಳಿಯುತ್ತದೆ ಎಂದು ಒಂದು ಗಳಿಗೆ ತಡವರಿಸಿತು. ಹೀಗೊಮ್ಮೆ ಹಾಡಿದೆ, ಹಾಗೊಮ್ಮೆ ಹಾಡಿದೆ. ಫ್ರೇಡೆಯನ್ನು ಕೇಳೋಣವೆನಿಸಿತು. ಹೆಂಗಸನ್ನು ಕೇಳಿ ನನ್ನ ಧಾಟಿ ನಾನು ಕಲಿಯುವಂತಾಯಿತೇ ಎಂದು ನಾಚಿಕೆಯಾಗಿ ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸಿಕ್ಕಿತು. ಜ್ವರದ ದಿನಗಳ ಮಂಕು ಇನ್ನೂ ಪೂರ್ತಿ ಬಿಟ್ಟಿಲ್ಲ, ಅಷ್ಟೇ.

ಆವ್ ೧೦, ಬುಧವಾರ

ನಿನ್ನೆ ಉಪವಾಸ. ಪೂರ್ವಜರ ಕಾಲದ ದೇವಾಲಯ ಸುಟ್ಟ ದಿನ, ಹಾಡುವಂತಿಲ್ಲ. ನೆಲದ ಮೇಲೆ ಕೂತು ಪ್ರಲಾಪಗಳ ಗ್ರಂಥ ಓದಿದೆವು. ಹೊರಗೆ ಹಾಡಿಲ್ಲದ್ದರಿಂದ ತಲೆಯೊಳಗೆ ಧಾಟಿ ಸ್ಪಷ್ಟವಾಗಿ ಕೇಳಿತು, ತಿಂಗಳುಗಳ ಮೇಲೆ ಮೊದಲ ಸಲ.

ಒಂದು ವಿಷಯ ಈಗ ಬಗೆಹರಿಯಿತು. ಶಾಖ್ನೆಯ ತಪ್ಪು ಎತ್ತಿದ್ದಲ್ಲ, ಅವಸರದಲ್ಲಿ ಎತ್ತಿದ್ದು. ಇಳಿದ ಮೇಲೆ ಅಲ್ಲಿ ಉಸಿರು ಹಿಡಿಯಬೇಕು. ಹಿಡಿದು, ಮೆಲ್ಲಗೆ, ಚಿಲಕ ಸದ್ದಾಗದಂತೆ ಬಾಗಿಲು ತೆಗೆಯುವವರ ಹಾಗೆ ಮೇಲಕ್ಕೆ ಹೋಗಬೇಕು. ಅವನು ಮತ್ತು ಆ ಕುಣಿಯುವ ಮಂದೆ ಅದನ್ನು ಕುದುರೆ ಓಡಿಸಿದಂತೆ ಓಡಿಸಿದರು. ಕೆಡಿಸಿದರು ಎಂದು ನಾನು ಅಂದು ಹೇಳಿದ್ದು ಸುಳ್ಳಲ್ಲ.

ಇವತ್ತು ದನಿಯೆತ್ತಿ ಒಮ್ಮೆ ಪೂರ್ತಿ ಹಾಡಿದೆ. ಬಟ್ಟೆ ಮಡಚುತ್ತಿದ್ದ ಫ್ರೇಡೆ ತಿರುಗಿ ನನ್ನನ್ನು ನೋಡಿದಳು. ಸಾಕು ಮಾಡಿ ಎನ್ನಲಿಲ್ಲ. ಅವಳಿಗೂ ಅಭ್ಯಾಸವಾಗಿದೆ.

ಎಲುಲ್ ೨೬, ಭಾನುವಾರ

ವರ್ಷ ಮುಗಿಯುವ ಮುಂಚೆ ಮನುಷ್ಯ ಮನುಷ್ಯನಲ್ಲಿ ಕ್ಷಮೆ ಕೇಳಬೇಕು. ಬೀದಿಯಲ್ಲಿ ಎಲ್ಲರೂ ಎಲ್ಲರನ್ನೂ ತಡೆದು ಕ್ಷಮೆ ಕೇಳುತ್ತಿದ್ದಾರೆ, ಹಬ್ಬ ಕಳೆದ ಮೇಲೆ ಮತ್ತೆ ಜಗಳವಾಡಲು ಅನುಕೂಲವಾಗಲೆಂದು.

"ಲೊಪುಷ್ನಕ್ಕೆ ಒಂದ್ಸಲ ಹೋಗ್ಬನ್ನಿ," ಎಂದಳು ಫ್ರೇಡೆ. "ಮುದುಕ ನೊಂದ್ಕೊಂಡು ಹೋದ."

"ತಪ್ಪು ಮಾಡಿದವನು ಬರಲಿ."

"ಅವ್ರು ಅವತ್ತೇ ಎಲ್ಲರ ಮುಂದೆ ಒಪ್ಕೊಂಡ್ರಲ್ಲ. ಇನ್ನೆಷ್ಟು ಸಲ ಒಪ್ಕೋಬೇಕು?"

ಬಂಡಿ ಕಟ್ಟಿಸಲು ಹೇಳಿದೆ. ಮಳೆ ಬಂತು, ದಾರಿ ಕೆಸರು. ಬಂಡಿ ಬಿಚ್ಚಿಸಿದೆ. ಹಬ್ಬ ಮುಗಿಯಲಿ.

ತಿಶ್ರೆ ೨೭, ಮಂಗಳವಾರ

ನಿನ್ನೆ ಗಿಟ್ಲೆಯ ಮೊದಲ ವರ್ಷದ ದಿನ. ಬೆಳಿಗ್ಗೆ ಸಮಾಧಿಗೆ ಹೋಗಿ ಪದ್ಧತಿಯಂತೆ ಒಂದು ಕಲ್ಲಿಟ್ಟು ಬಂದೆ. ಮನೆಯಲ್ಲಿ ದೀಪ ಹಚ್ಚಿ, ಬಂದವರಿಗೆ ಬ್ರಾಂದಿ, ಜೇನಿನ ಕೇಕು ಕೊಡಿಸಿದೆ. ಬಂದವರಲ್ಲಿ ಲೊಪುಷ್ನದ ಬೆರಿಶ್ ಎಂಬ ಉಪ್ಪಿನ ವ್ಯಾಪಾರಿ ಇದ್ದ. ಅವನು ಲೋಟ ಕೆಳಗಿಟ್ಟು ಹೇಳಿದ:

"ರೆಬ್ಬೆ, ರೆಬ್ ಶಾಖ್ನೆ ತೀರ್ಕೊಂಡ್ರು. ಹೋದ್ವಾರ, ಗುಡಾರದ ಹಬ್ಬದಲ್ಲಿ."

ಮಳೆಯ ನೆವಕ್ಕೆ ಬಿಚ್ಚಿದ ಬಂಡಿ ನೆನಪಾಯಿತು.

"ಒಂದು ಕೆಲ್ಸ ಹೇಳಿ ಹೋಗಿದಾರೆ," ಎಂದ ಬೆರಿಶ್. "ಗಿಟ್ಲೆಯ ವರ್ಷದ ದಿನ ರೆಬ್ಬೆ ಹತ್ರ ಹೋಗು, ಆ ಧಾಟಿ ಹಾಡ್ಬಾ, ಅಂತ. ಚಳಿಗಾಲ ಪೂರ್ತಿ ನಮಗೆ ಅದನ್ನೇ ಕಲಿಸಿದ್ರು. ಕೊನೇಲಿ ಯಾರಾದ್ರೂ ಒಂಚೂರು ಎತ್ತಿದ್ರೆ ಮುಗೀತು, ಹಾಸಿಗೆಯಿಂದ್ಲೇ ಗೋಡೆ ಬಡಿಯೋರು. ರೆಬ್ಬೆ ಇಲ್ಲಿ ನಿಲ್ಸಿದಾರೆ, ಮುಂದೆ ಹೋಗಕ್ಕೆ ನೀನ್ಯಾವೂರ ದಾಸಯ್ಯ, ಅನ್ನೋರು."

ಹಾಡು ಎಂದೆ. ಹಾಡಿದ. ಒಳ್ಳೆಯ ದನಿ. ಮೊದಲ ಭಾಗ ಸರಿ, ಎರಡನೆಯದೂ ಸರಿ. ಮೂರನೆಯದರ ಕೊನೆಯಲ್ಲಿ ಇಳಿದ, ಇಳಿದ, ಇಳಿದು ಅರ್ಧ ಮೆಟ್ಟಿಲ ಮೇಲೆ ನಿಂತುಬಿಟ್ಟ. ಎತ್ತಲೇ ಇಲ್ಲ. ನೇತುಹಾಕಿ ಬಿಟ್ಟಂತೆ. ಮೈ ಜುಮ್ಮೆಂದಿತು, ಸಿಟ್ಟಿನಿಂದಲೇ ಇರಬೇಕು. ಸತ್ತವನ ಬಗ್ಗೆ ಕೆಟ್ಟದ್ದು ಬರೆಯಬಾರದು, ಆದರೂ ಇಷ್ಟು ಬರೆಯಲೇಬೇಕು: ಹೀಗೆ ಕೆಳಗಿಳಿಸಿ ಕೈಬಿಟ್ಟೇ ಅಲ್ಲವೇ ಅವನು ನನ್ನ ಮಗುವಿನ ಧಾಟಿಯನ್ನು ಕೆಡಿಸಿದ್ದು? ಸಾಯುವವರೆಗೂ ಅದೇ ಹಠ.

"ತಪ್ಪು," ಎಂದೆ.

ಬೆರಿಶ್ ಪೆಚ್ಚಾದ. ಅಷ್ಟರಲ್ಲಿ ಫ್ರೇಡೆ ಬಾಗಿಲಲ್ಲಿ ಬಂದು ನಿಂತಿದ್ದಳು. ಗಂಡಸರು ಕೂತಿರುವಾಗ ಅವಳು ಎಂದೂ ಹೀಗೆ ಬಂದವಳಲ್ಲ. ಮುಖವೆಲ್ಲ ಒದ್ದೆ.

"ಇನ್ನೊಂದ್ಸಲ ಹಾಡಪ್ಪಾ," ಎಂದಳು ಅವನಿಗೆ.

"ಬೇಡ," ಎಂದೆ. "ತಪ್ಪನ್ನು ಎರಡು ಸಲ ಕೇಳುವುದೇಕೆ?"

"ಏನ್ರೀ, ಅದು..." ಎಂದಳು. ನನ್ನ ಮುಖ ನೋಡಿದಳು. ಮುಂಗೈಯಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ನಾನೇ ಬೆರಿಶ್‌ನನ್ನು ಎಡಗಡೆ ಕೂರಿಸಿಕೊಂಡು, ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿಂದ ಮೆಲ್ಲಗೆ ಎತ್ತಬೇಕು ಎಂದು ಹೇಳಿಕೊಟ್ಟೆ. ಚುರುಕು ಮನುಷ್ಯ, ಬೇಗ ಹಿಡಿದ. "ಊರಿಗೆ ಹೋಗಿ ಎಲ್ರಿಗೂ ತಿದ್ತೀನಿ ರೆಬ್ಬೆ. ಒಬ್ಬನೂ ಹಳೇದನ್ನ ಹಾಡಬಾರ್ದು, ಹಂಗೆ ತಿದ್ತೀನಿ," ಎಂದ. ಅವನನ್ನು ಆಶೀರ್ವದಿಸಿ ಕಳಿಸಿದೆ.

ಸಂಜೆ ಫ್ರೇಡೆಗೆ ಸಮಾಧಾನ ಹೇಳಿದೆ. "ಅವಳು ಬಾಗಿಲು ತೆಗಿ ಅಂದಿದ್ದಳಲ್ಲ, ಫ್ರೇಡೆ. ಧಾಟಿ ಹೇಗೆ ಕೆಳಗೆ ಬಿದ್ದಿರಲು ಸಾಧ್ಯ? ಅಪ್ಪಾ, ಬಾಗಿಲು ತೆಗಿ, ಹೊರಗೆ ಜನ ಕಾಯ್ತಿದ್ದಾರೆ ಅಂತ ಅವಳೇ ನನ್ನನ್ನು ಕಳಿಸಿದಳು."

"ಅಂದ್ಲಾ?" ಎಂದಳು.

"ನೀನೂ ಅಲ್ಲೇ ಇದ್ದೆಯಲ್ಲ."

ದೀಪದ ಬತ್ತಿ ಸರಿಮಾಡುತ್ತ, "ಹೂಂ, ಇದ್ದೆ," ಎಂದಳು.

ಇವತ್ತು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಗುನುಗುತ್ತಿದ್ದುದು ಕೇಳಿಸಿತು. ವರ್ಷವಾಗಿತ್ತು ಅವಳು ಗುನುಗಿದ್ದು ಕೇಳಿ. ಗಿಟ್ಲೆಯ ಧಾಟಿಯೇ. ಕೊನೆಯವರೆಗೂ ಬಂದು, ಇಳಿದು, ಅಲ್ಲೇ ನಿಂತುಬಿಟ್ಟಳು. ಮುಂದಿನದು ಮರೆತಿರಬೇಕು, ಪಾಪ, ಇಲ್ಲವೇ ಉಸಿರು ಸೋತಿರಬೇಕು. ನಾನು ಕೂತಲ್ಲಿಂದಲೇ ಎತ್ತಿ ಮುಗಿಸಿಕೊಟ್ಟೆ.